ಮುಖಕ್ಕಿಂತ ಮುಂಚೆ ತಲುಪುವ ಮಾತು

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಸಾಫ್ಟ್‌ವೇರ್ ಇಂಜಿನಿಯರೊಬ್ಬರನ್ನು ಉದ್ರಿಕ್ತ ಗುಂಪು ಹೊಡೆದು ಕೊಂದಿತು. ಜೊತೆಗಿದ್ದವರೂ ರಕ್ಷಣೆಗೆ ಧಾವಿಸಿದ ಪೊಲೀಸರೂ ಗಾಯಗೊಂಡರು. ಅವರು ಮಾಡಿದ್ದ ಅಪರಾಧವಾದರೂ ಏನು? ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದ್ದರು, ಅಷ್ಟೆ. ಮಕ್ಕಳ ಕಳ್ಳರು ಊರೂರು ತಿರುಗುತ್ತಿದ್ದಾರೆಂಬ ಸುಳ್ಳು ಸುದ್ದಿ ಆಗಲೇ ವಾಟ್ಸಾಪ್‌ನಲ್ಲಿ ಹರಿದಾಡುತ್ತಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕಾರ್ಮಿಕನೊಬ್ಬ ಇದೇ ವದಂತಿಗೆ ಬಲಿಯಾಗಿದ್ದ. ಕೊಂದವರು ಇವರನ್ನು ಹಿಂದೆಂದೂ ನೋಡಿದವರಲ್ಲ. ಆದರೂ ಕಂಡ ಕೂಡಲೇ ಕಳ್ಳನ ಮುಖವೆಂದು ನಿಶ್ಚಯಿಸಿಬಿಟ್ಟರು.

ಇದನ್ನು ಕೇವಲ ಅನಕ್ಷರತೆಯ ಫಲವೆಂದು ತಳ್ಳಿಹಾಕುವಂತಿಲ್ಲ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯಾವ ಭಾವವೂ ಇಲ್ಲದ ಸಾಮಾನ್ಯ ಮುಖಗಳನ್ನು ಒಂದೊಂದು ಮಾತಿನೊಂದಿಗೆ ತೋರಿಸಲಾಯಿತು. ಬಳಿಕ ಒಂದು ಕಣ್ಣಿಗೆ ಮುಖ, ಇನ್ನೊಂದು ಕಣ್ಣಿಗೆ ಮನೆಯ ಚಿತ್ರ ಒಡ್ಡಿದಾಗ, ಕೆಟ್ಟ ಮಾತು ಅಂಟಿಕೊಂಡಿದ್ದ ಮುಖಗಳೇ ಹೆಚ್ಚು ಹೊತ್ತು ದೃಷ್ಟಿಯಲ್ಲಿ ನಿಂತವು. ಅಂದರೆ ಕೇಳಿದ ಮಾತು ಅಭಿಪ್ರಾಯವನ್ನಷ್ಟೇ ಅಲ್ಲ, ನೋಟವನ್ನೇ ಪ್ರಭಾವಿಸಬಹುದು ಎಂಬುದು ಆ ಅಧ್ಯಯನದ ಸೂಚನೆ. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡ ಸಂಗತಿ ಇನ್ನೂ ಆತಂಕಕಾರಿ. ಮಾಹಿತಿ ಖಚಿತವಲ್ಲವೆಂದು ಮೊದಲೇ ಸೂಚಿಸಿದ್ದರೂ ಜನರು ಆ ವ್ಯಕ್ತಿಯನ್ನು ಕೆಟ್ಟವನೆಂದೇ ಅಳೆದರು.

ನಾವು ದಿನನಿತ್ಯ ಬಳಸುವ 'ಅಂತೆ' ಎಂಬ ಎರಡಕ್ಷರಕ್ಕೆ ಇದರಿಂದ ಯಾವ ಬೆಲೆಯೂ ಉಳಿಯುವುದಿಲ್ಲ. 'ಅವನು ಹಾಗಂತೆ' ಎಂದು ಹೇಳಿ ಹೊಣೆಯಿಂದ ಜಾರಿಕೊಳ್ಳುತ್ತೇವೆ. ಕೇಳಿದವರ ಮನಸ್ಸಿನಲ್ಲಿ 'ಅಂತೆ' ಅಳಿಸಿಹೋಗಿ ಆರೋಪ ಮಾತ್ರ ಉಳಿಯುತ್ತದೆ.

ಶಹಾಬಾದ, ವಾಡಿ, ಸೇಡಂ ಭಾಗದ ಕಲ್ಲುಗಣಿಗಳಿಗೂ ಸಿಮೆಂಟ್ ಕಾರ್ಖಾನೆಗಳಿಗೂ ದೂರದೂರಿನ ಕಾರ್ಮಿಕರು ದುಡಿಯಲು ಬರುತ್ತಾರೆ. ಅಪರಿಚಿತ ಮುಖಗಳು ಇಲ್ಲಿ ಹೊಸತಲ್ಲ. ಗಡ್ಡ, ಟೋಪಿ, ಬುರ್ಖಾಗಳನ್ನು ಕಂಡೊಡನೆ ಸಂಶಯಿಸುವವರ ಬಗ್ಗೆ ನಾವು ನೊಂದುಕೊಳ್ಳುತ್ತೇವೆ. ಆ ನೋವು ನ್ಯಾಯವಾದುದೇ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಬಾಡಿಗೆ ಮನೆ ಕೇಳಿ ಬಂದ ಪರವೂರಿನವನನ್ನು, ತಲಾಕ್ ಪಡೆದ ಹೆಣ್ಣುಮಗಳನ್ನು, ಸಂಬಂಧ ಕೇಳಿ ಬಂದ ಮನೆತನವನ್ನು ನಾವು ಯಾವ ಕಣ್ಣಿನಿಂದ ನೋಡುತ್ತಿದ್ದೇವೆ? ಯಾರೋ ಹೇಳಿದ ಒಂದು ಮಾತಿಗೆ ಎಷ್ಟು ನಿಕಾಹ್‌ಗಳು ಮುರಿದಿಲ್ಲ?

ಸುದ್ದಿ ಬಂದಾಗ ಪರಿಶೀಲಿಸಿರಿ, ಗುಮಾನಿಯಿಂದಲೂ ಪರನಿಂದೆಯಿಂದಲೂ ದೂರವಿರಿ ಎಂಬುದು ಸೂರಃ ಅಲ್ ಹುಜುರಾತ್‌ನ ಸ್ಪಷ್ಟ ತಾಕೀತು. ಅದನ್ನು ಪಠಿಸುವ ನಾವೇ ಪರಿಶೀಲಿಸದ ಸಂದೇಶವನ್ನು ಹತ್ತು ಮಂದಿಗೆ ರವಾನಿಸಿದರೆ ಪಠಣಕ್ಕೆ ಅರ್ಥವೇನು?

ಮುರ್ಕಿಯ ಘಟನೆ ನಡೆದ ಕೆಲವೇ ದಿನಗಳಲ್ಲಿ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿಯನ್ನು ಘೋಷಿಸಿತು. ಆದರೆ ಒಬ್ಬ ಅಮಾಯಕನ ಮುಖಕ್ಕೆ ಮಸಿ ಬಳಿಯಲು ಐದು ಕಡೆ ಬೇಕಿಲ್ಲ, ಒಂದು ಕಿವಿ ಸಾಕು. ಕೇಳಿದ ಮೇಲೆ ಕಣ್ಣನ್ನು ತಿದ್ದಿಕೊಳ್ಳುವುದು ಕಷ್ಟವೆಂದು ವಿಜ್ಞಾನ ಹೇಳುತ್ತಿರುವಾಗ, ಹೇಳುವ ಮೊದಲೇ ನಾಲಿಗೆಯನ್ನು ತಡೆಯುವ ಹೊಣೆ ನಮ್ಮ ಮೇಲಿದೆ. ನಮ್ಮ ಮನೆಗಳಲ್ಲಿ, ಮಕ್ಕಳೆದುರಿಗೆ, ಇಂದಿನಿಂದಲೇ ಅದನ್ನು ರೂಢಿಸಿಕೊಳ್ಳೋಣ.