ನರ್ಸಿಂಗ್ ವಿದ್ಯಾರ್ಥಿಗಳ ಮನಸ್ಸಿಗೆ ಅಂಕ ಹಾಕುವ ಮುನ್ನ

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ನೇಮಿಸಿಕೊಳ್ಳಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ಮನೋತಜ್ಞರ ಜೊತೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕು, ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು ಎಂದಿತು. 2022ರ ಒಂದೇ ವರ್ಷದಲ್ಲಿ ದೇಶದ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದರು ಎಂಬ ಲೆಕ್ಕ ಆ ತೀರ್ಪಿನ ಹಿಂದಿತ್ತು. ನರ್ಸಿಂಗ್ ಕಾಲೇಜುಗಳೂ ಈ ಆದೇಶದ ವ್ಯಾಪ್ತಿಗೆ ಬರುತ್ತವೆ.

ಆದೇಶ ಬಂದದ್ದು ಒಳ್ಳೆಯದಾಯಿತು. ಅದನ್ನು ಪಾಲಿಸುವ ರೀತಿಯ ಬಗ್ಗೆ ಈಗಲೇ ಎಚ್ಚರಿಸಬೇಕಾಗಿದೆ. ಸಮಾಲೋಚಕರನ್ನು ಇಟ್ಟುಕೊಳ್ಳಲು ಸಂಬಳ ಬೇಕು, ಬಾಗಿಲು ಮುಚ್ಚಿಕೊಂಡು ಮಾತಾಡಲು ಒಂದು ಕೋಣೆ ಬೇಕು. ಪ್ರಶ್ನಾವಳಿಗೆ ಇದ್ಯಾವುದೂ ಬೇಡ. ಗೂಗಲ್ ಫಾರ್ಮಿನ ಲಿಂಕನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಇಡೀ ತರಗತಿಯ ಮನಸ್ಸು ಅಂಕಿಗಳಾಗಿ ಕೈಗೆ ಬರುತ್ತದೆ, ತಪಾಸಣೆಗೆ ಬಂದವರಿಗೆ ತೋರಿಸಲು ಒಂದು ಫೈಲು ಸಿದ್ಧವಾಗುತ್ತದೆ. ಆಸರೆ ಕೊಡಬೇಕಾದ ಜಾಗದಲ್ಲಿ ಅಳತೆ ಬಂದು ಕೂತುಬಿಡುವ ಅಪಾಯ ಇದು.

ಇಂಥ ಅಳತೆಗಳಲ್ಲಿ ನರ್ಸಿಂಗ್ ಸಂಶೋಧಕರು ಹೆಚ್ಚು ಮೆಚ್ಚಿಕೊಂಡಿರುವ ಒಂದು, ಮನುಷ್ಯನಿಗೆ ತನ್ನ ಮೇಲೆ ಎಷ್ಟು ಕರುಣೆ ಇದೆ ಎಂದು ಕೇಳುವ ಪ್ರಶ್ನಾವಳಿ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಅದನ್ನು ರೂಪಿಸಿದರು. 26 ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ತಪ್ಪಾದಾಗ ನಿಮ್ಮನ್ನು ನೀವು ಸಮಾಧಾನ ಮಾಡಿಕೊಳ್ಳುತ್ತೀರಾ, ಹಳಿದುಕೊಳ್ಳುತ್ತೀರಾ, ಕಷ್ಟ ನನಗೊಬ್ಬಳಿಗೇ ಎನಿಸುತ್ತದೆಯೇ, ಎಲ್ಲರಿಗೂ ಇದ್ದದ್ದೇ ಎನಿಸುತ್ತದೆಯೇ ಎಂದು ಅದು ಕೇಳುತ್ತದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಬೆಲ್ಜಿಯಂನ ಫಿಲಿಪ್ ರಾಸ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು 12 ಹೇಳಿಕೆಗಳಿಗೆ ಇಳಿಸಿದರು. ಸ್ಪೇನಿನ ಜರಾಗೋಜಾದ ಮನೋವೈದ್ಯ ಹಾವಿಯೆರ್ ಗಾರ್ಸಿಯಾ ಕಾಂಪಾಯೊ ಅವರ ತಂಡ 2014ರಲ್ಲಿ ಎರಡನ್ನೂ ಸ್ಪ್ಯಾನಿಷ್‌ಗೆ ತಂದಿತು.

ಸ್ಪೇನಿನವರು ಮಾಡಿದ ಕೆಲಸವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಅವರು ಅನುವಾದ ಮಾಡಿ ಕೈತೊಳೆದುಕೊಳ್ಳಲಿಲ್ಲ. ಉದ್ದದ್ದನ್ನೂ ಗಿಡ್ಡದ್ದನ್ನೂ ಬೇರೆ ಬೇರೆ ಪರೀಕ್ಷೆಗೆ ಒಡ್ಡಿದರು, ಉತ್ತರಿಸಿದವರಿಂದಲೇ ಮತ್ತೊಮ್ಮೆ ಉತ್ತರ ಪಡೆದು ಅಂಕ ಏರುಪೇರಾಗುತ್ತದೆಯೇ ಎಂದು ನೋಡಿದರು, ಆತಂಕ ಮತ್ತು ಖಿನ್ನತೆ ಅಳೆಯುವ ಬೇರೆ ಪ್ರಶ್ನಾವಳಿಗಳ ಜೊತೆ ಹೋಲಿಸಿದರು. ಒಂದು ಪ್ರಶ್ನಾವಳಿ ಭಾಷೆ ದಾಟುವುದೇ ಒಂದು ಪೂರ್ತಿ ಅಧ್ಯಯನ ಎಂದು ತಿಳಿದು ನಡೆದರು. ಈ ಕೆಲಸಕ್ಕೆ ಜಗತ್ತಿನಲ್ಲಿ ಒಪ್ಪಿತವಾದ ಕ್ರಮವೊಂದಿದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ ಎರಡನ್ನೂ ಕೂಡಿಸಬೇಕು. ಮೂಲ ನೋಡದ ಇನ್ನಿಬ್ಬರು ಅದನ್ನು ಹಿಂದಕ್ಕೆ ಅನುವಾದಿಸಬೇಕು. ತಜ್ಞರ ಸಮಿತಿ ಕೂತು ಚರ್ಚಿಸಬೇಕು. ಕೊನೆಗೆ ಮೂವತ್ತು ನಲವತ್ತು ಜನರ ಕೈಗೆ ಕೊಟ್ಟು, ಪ್ರತಿ ಹೇಳಿಕೆಯಿಂದ ಅವರಿಗೆ ಏನು ಅರ್ಥವಾಯಿತು ಎಂದು ಬಾಯಿಬಿಡಿಸಿ ಕೇಳಬೇಕು.

ನಮ್ಮಲ್ಲಿನ ರೂಢಿ ಬೇರೆ. ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳ ಕೊನೆಯ ಪುಟಗಳನ್ನು ತಿರುವಿದವರು ಕನ್ನಡ ಉಪನ್ಯಾಸಕರೊಬ್ಬರ ಸಹಿ ಇರುವ ಭಾಷಾಂತರ ಪ್ರಮಾಣಪತ್ರವನ್ನು ನೋಡಿರುತ್ತಾರೆ. ಆ ಉಪನ್ಯಾಸಕರ ತಪ್ಪು ಇದರಲ್ಲಿ ಏನೂ ಇಲ್ಲ. ಅವರಿಗೆ ಒಪ್ಪಿಸಿದ್ದು ವಾಕ್ಯ ಸರಿಯಿದೆಯೇ ಎಂದು ನೋಡುವ ಕೆಲಸ. ವಾರ್ಡಿನಿಂದ ಅತ್ತುಕೊಂಡು ಬಂದ ಹುಡುಗಿಗೆ ಆ ವಾಕ್ಯ ಏನು ಹೇಳುತ್ತದೆ ಎಂದು ನೋಡುವ ಕೆಲಸವನ್ನು ಯಾರಿಗೂ ಒಪ್ಪಿಸಿಯೇ ಇಲ್ಲ.

ಆ ಹುಡುಗಿಯ ಕಡೆಯಿಂದ ಒಮ್ಮೆ ಯೋಚಿಸೋಣ. ಟಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಊರಿನಲ್ಲಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ಮುಗಿಸಿ, ವಿಜಯಪುರಕ್ಕೆ ಬಂದು ಬಿ.ಎಸ್ಸಿ. ನರ್ಸಿಂಗ್ ಸೇರಿದವಳು. ಮನೆಯಲ್ಲಿ ಪದವಿ ಓದುತ್ತಿರುವ ಮೊದಲಿಗಳು ಆಕೆಯೇ. ಕ್ಲಿನಿಕಲ್ ಪೋಸ್ಟಿಂಗಿನಲ್ಲಿ ವಯಸ್ಸಾದ ಪೇಷಂಟ್ ಒಬ್ಬರಿಗೆ ಕ್ಯಾನುಲಾ ಹಾಕಲು ಹೋಗಿ ನರ ಸಿಗಲಿಲ್ಲ. ಎರಡನೇ ಸಲವೂ ಸಿಗಲಿಲ್ಲ. ಪೇಷಂಟಿನ ಮಗ ಕೂಗಾಡಿದ. ವಾರ್ಡ್ ಇನ್‌ಚಾರ್ಜ್ ಎಲ್ಲರೆದುರೇ, "ಇಷ್ಟೂ ಬರಂಗಿಲ್ಲಂದ್ರ ಯಾಕ ಬಂದೀ?" ಎಂದರು. ರಾತ್ರಿ ಹಾಸ್ಟೆಲಿನಲ್ಲಿ ಗೆಳತಿಯ ಹತ್ತಿರ ಆಕೆ, "ನನ್ನ ಕೈಗುಣನ ಛಲೋ ಇಲ್ಲ ಬಿಡ" ಎಂದು ಅಳುತ್ತಾಳೆ. ತನ್ನನ್ನು ಹಳಿದುಕೊಳ್ಳುವುದು ನಮ್ಮ ಕಡೆ ಹೀಗೆ. ಮರುದಿನ ಆಕೆಯ ಮುಂದೆ ಪ್ರಶ್ನಾವಳಿ ಬರುತ್ತದೆ. ನರ್ಸಿಂಗ್ ಇಂಗ್ಲಿಷ್ ಮಾಧ್ಯಮವಲ್ಲವೇ ಎಂದು ಕೆಲವೆಡೆ ಇಂಗ್ಲಿಷಿನದನ್ನೇ ಕೊಡುತ್ತಾರೆ. ಹೃದಯಾಘಾತದ ಲಕ್ಷಣಗಳನ್ನು ಆಕೆ ಇಂಗ್ಲಿಷಿನಲ್ಲಿ ಬರೆಯಬಲ್ಲಳು, ಪಾಸೂ ಆಗಬಲ್ಲಳು. ತನ್ನನ್ನು ತಾನು ಬೈದುಕೊಳ್ಳುವುದು ಮಾತ್ರ ಮನೆಯ ಮಾತಿನಲ್ಲೇ. ಇನ್ನು ಕನ್ನಡದಲ್ಲೇ ಕೊಟ್ಟರು ಎಂದುಕೊಳ್ಳಿ. "ನನ್ನ ನ್ಯೂನತೆಗಳ ಬಗ್ಗೆ ನಾನು ಅಸಮ್ಮತಿ ಹೊಂದಿದ್ದೇನೆ" ಎಂಬ ಧಾಟಿಯ ವಾಕ್ಯ ಓದಿದಾಗ ನಿನ್ನೆ ರಾತ್ರಿ ತಾನು ಅಂದದ್ದನ್ನೇ ಇದು ಕೇಳುತ್ತಿದೆ ಎಂದು ಆಕೆಗೆ ಹೊಳೆಯುವುದಿಲ್ಲ. ಬೆಂಗಳೂರಿನ ಕಾಲೇಜುಗಳಲ್ಲಿ ಕೇರಳದ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಪಾಲಿಗೆ ಕನ್ನಡವೂ ಹೊರಗಿನದೇ.

ಅರ್ಥವಾಗದಿದ್ದರೆ ಏನು ಮಾಡುತ್ತಾರೆ? ಒಂದೇ ಸಾಲಿನಲ್ಲಿ ಟಿಕ್ ಹಾಕಿಕೊಂಡು ಹೋಗುತ್ತಾರೆ. ಈ ಪ್ರಶ್ನಾವಳಿಯ 26 ಹೇಳಿಕೆಗಳಲ್ಲಿ 13 ಕರುಣೆಯ ಪರವಾಗಿಯೂ 13 ವಿರುದ್ಧವಾಗಿಯೂ ಇವೆ. ವಿರುದ್ಧದವುಗಳ ಅಂಕವನ್ನು ತಿರುಗಿಸಿ ಲೆಕ್ಕ ಹಾಕುತ್ತಾರೆ: 5 ಇದ್ದರೆ 1, 4 ಇದ್ದರೆ 2. ಹಾಗಾಗಿ ಏನನ್ನೂ ಓದದೆ ಎಲ್ಲದಕ್ಕೂ 5 ಒತ್ತಿದವಳಿಗೂ ಸರಾಸರಿ 3 ಬರುತ್ತದೆ, ಎಲ್ಲದಕ್ಕೂ 1 ಒತ್ತಿದವಳಿಗೂ 3. ಸ್ಥೂಲ ಅಂದಾಜಿನ ಪ್ರಕಾರ ಎರಡೂವರೆಯಿಂದ ಮೂರೂವರೆವರೆಗೆ 'ಮಧ್ಯಮ'. ತರಗತಿಯ ಬಹುಪಾಲು ಮಕ್ಕಳು ಮಧ್ಯಮ ಮಟ್ಟದಲ್ಲಿದ್ದಾರೆ ಎಂಬ ವರದಿ ನಿಮ್ಮ ಕೈಗೆ ಬಂದರೆ, ದಯವಿಟ್ಟು ಮೂಲ ಹಾಳೆಗಳನ್ನು ತೋರಿಸಿ ಎಂದು ಕೇಳಿ. ಮಕ್ಕಳು ನೆಮ್ಮದಿಯಾಗಿದ್ದಾರೆ ಎಂಬುದಕ್ಕೂ ಮಕ್ಕಳು ಓದಲೇ ಇಲ್ಲ ಎಂಬುದಕ್ಕೂ ಸರಾಸರಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಓದಿ ಉತ್ತರಿಸಿದವರದ್ದೂ ಸುಲಭವಿಲ್ಲ. ಕಷ್ಟ ಎಲ್ಲರಿಗೂ ಇದೆ ಎಂದು ತಿಳಿಯುವುದನ್ನು ನೆಫ್ ಅವರು ಕರುಣೆಯ ಲಕ್ಷಣವಾಗಿ ಎಣಿಸುತ್ತಾರೆ. ನಮ್ಮಲ್ಲಿ "ಎಲ್ಲಾರ ಮನಿ ದ್ವಾಸಿನೂ ತೂತ" ಎಂಬ ಮಾತನ್ನು ಹಿರಿಯರು ಎರಡು ಕಾರಣಕ್ಕೆ ಹೇಳುತ್ತಾರೆ. ಒಮ್ಮೊಮ್ಮೆ ಅದು ನಿಜವಾದ ಸಾಂತ್ವನ. ಬಹಳ ಸಲ ಅದು ಮಗಳ ಬಾಯಿ ಮುಚ್ಚಿಸುವ ಮಾತು. ಮನೆಯಲ್ಲಿ ಎಲ್ಲರ ಊಟ ಆದಮೇಲೆ ತಾನು ಉಣ್ಣುವ ತಾಯಿಯನ್ನು ನೋಡಿ ಬೆಳೆದ ಹುಡುಗಿ, ಕಾಲೇಜಿಗೆ ಬಂದಮೇಲೆ ಸೇವೆಯೇ ನರ್ಸಿನ ಧರ್ಮ ಎಂದು ಪ್ರತಿಜ್ಞೆ ಮಾಡಿದ ಹುಡುಗಿ, ತನ್ನ ಮೇಲೆ ತಾನು ಕರುಣೆ ತೋರುವುದನ್ನು ಸ್ವಾರ್ಥ ಎಂದೇ ತಿಳಿದರೆ ಆಶ್ಚರ್ಯವಿಲ್ಲ. ಆಕೆಯ ಅಂಕ ಕಡಿಮೆ ಬಂದರೆ ಅದು ರೋಗವೋ, ಕಲಿಸಿಕೊಟ್ಟ ಸಂಸ್ಕಾರವೋ? ಕೂತು ಮಾತಾಡಿಸದೆ ಇದು ತಿಳಿಯುವುದಿಲ್ಲ. ಪರಿಣತರಲ್ಲೇ ಈ ಅಳತೆಯ ಬಗ್ಗೆ ಜಗಳ ನಡೆದಿದೆ. ಕರುಣೆ ಹೆಚ್ಚಿದ್ದವರಲ್ಲಿ ಖಿನ್ನತೆ, ಆತಂಕ ಕಡಿಮೆ ಎಂದು ಮ್ಯಾಕ್‌ಬೆತ್ ಮತ್ತು ಗಮ್ಲಿ 2012ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ತೋರಿಸಿದರು. ಆ ನಂಟು ಅಷ್ಟು ಗಟ್ಟಿಯಾಗಿ ಕಾಣಲು ಹಳಿದುಕೊಳ್ಳುವ ಹೇಳಿಕೆಗಳನ್ನೂ ಕರುಣೆಯ ಲೆಕ್ಕಕ್ಕೆ ಸೇರಿಸಿರುವುದು ಕಾರಣ ಎಂದು ಮ್ಯೂರಿಸ್ ಮತ್ತು ಪೆಟ್ರೋಕಿ 2017ರಲ್ಲಿ ವಾದಿಸಿದರು. ನೆಫ್ ಅದನ್ನು ಒಪ್ಪಿಲ್ಲ.

ಇಷ್ಟೆಲ್ಲ ಸರಿಪಡಿಸಿದರೂ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಇದೆ. ಹಾಳೆ ಹಂಚುವವರು ಯಾರು? ಬಹುತೇಕ ಪಾಠ ಮಾಡುವ ಮೇಡಂ ಅಥವಾ ಸರ್, ಇಲ್ಲವೇ ಅವರ ಕೈಕೆಳಗೆ ಪ್ರಬಂಧ ಬರೆಯುತ್ತಿರುವ ಎಂ.ಎಸ್ಸಿ. ವಿದ್ಯಾರ್ಥಿ. ಇಂಟರ್ನಲ್ ಮಾರ್ಕ್ಸ್, ಹಾಜರಿ, ಕ್ಲಿನಿಕಲ್ ಲಾಗ್‌ಬುಕ್ಕಿನ ಸಹಿ ಎಲ್ಲವೂ ಅವರ ಕೈಯಲ್ಲಿ. ಒಪ್ಪಿಗೆ ಪತ್ರದಲ್ಲಿ 'ಸ್ವಇಚ್ಛೆಯಿಂದ' ಎಂದು ಅಚ್ಚಾಗಿರುತ್ತದೆ. ಮೇಡಂ ತುಂಬಿ ಅಂದಮೇಲೆ ಒಲ್ಲೆ ಅನ್ನುವ ಧೈರ್ಯ ಯಾರಿಗಿದೆ? ಮೇಲಧಿಕಾರ ಕೆಳಗಿರುವವರ ಒಪ್ಪಿಗೆಯನ್ನು ಬಾಗಿಸುತ್ತದೆ ಎಂಬ ಕಾರಣಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ವಿದ್ಯಾರ್ಥಿಗಳಂಥವರಿಗೆ ವಿಶೇಷ ರಕ್ಷಣೆ ಬೇಕು ಎನ್ನುತ್ತದೆ. ರೋಲ್ ನಂಬರ್ ಬರೆಸಿಕೊಂಡರೆ, ಇಮೇಲ್ ವಿಳಾಸ ತಾನಾಗಿ ದಾಖಲಾಗುವ ಫಾರ್ಮ್ ಕಳಿಸಿದರೆ, ಆ ರಕ್ಷಣೆ ಅಲ್ಲಿಗೇ ಮುರಿಯಿತು.

ಇನ್ನೂ ಗಂಭೀರವಾದ ಸಂಗತಿ. ಕರುಣೆಯ ಪ್ರಶ್ನಾವಳಿಯ ಜೊತೆಗೆ ಖಿನ್ನತೆಯ ಪ್ರಶ್ನಾವಳಿಯನ್ನೂ ಸೇರಿಸಿ ಕೊಡುವುದು ಸಾಮಾನ್ಯ. ಹೆಚ್ಚು ಬಳಕೆಯ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳುತ್ತದೆ. ಒಬ್ಬಾಕೆ ಅಲ್ಲಿ 'ಹೆಚ್ಚುಕಡಿಮೆ ಪ್ರತಿದಿನ' ಎಂದು ಟಿಕ್ ಹಾಕಿದಳು ಎಂದುಕೊಳ್ಳಿ. ದತ್ತಾಂಶ ಸಂಗ್ರಹ ಮುಗಿದು, ಸಂಖ್ಯಾಶಾಸ್ತ್ರಜ್ಞರ ಹತ್ತಿರ ಹೋಗಿ, ಕೋಷ್ಟಕವಾಗಿ ಬರುವವರೆಗೆ ಆ ಉತ್ತರವನ್ನು ಯಾರೂ ನೋಡುವುದಿಲ್ಲ. ಆಕೆ ಒಬ್ಬ ಮನುಷ್ಯರಿಗೆ ಹೇಳಿದಂತೆಯೇ ಹೇಳಿದ್ದಾಳೆ, ಕೇಳಿಸಿಕೊಳ್ಳುವವರು ಅಲ್ಲಿ ಇರಲಿಲ್ಲ. ಉತ್ತರವನ್ನು ಅದೇ ದಿನ ನೋಡಿ ಅದೇ ದಿನ ಆಕೆಯನ್ನು ತಲುಪುವ ವ್ಯವಸ್ಥೆ ಇಲ್ಲದ ಕಡೆ ಈ ಪ್ರಶ್ನೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಫಲಿತಾಂಶ ಬಂದಮೇಲೆ ನಡೆಯುವುದನ್ನೂ ಈಗಲೇ ಊಹಿಸಬಹುದು. ವಿದ್ಯಾರ್ಥಿಗಳಲ್ಲಿ ತಮ್ಮ ಮೇಲೆ ಕರುಣೆ ಸಾಲದು ಎಂದು ಬಂದರೆ ಒಂದು ದಿನದ ಕಾರ್ಯಾಗಾರ, ಉಸಿರಾಟದ ಅಭ್ಯಾಸ, ಗ್ರೂಪ್ ಫೋಟೊ. ಎಲ್ಲರೆದುರು ಬೈದ ಇನ್‌ಚಾರ್ಜ್ ಅವರನ್ನು ಯಾರೂ ಕೇಳುವುದಿಲ್ಲ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂಬ ಭಾರತೀಯ ನರ್ಸಿಂಗ್ ಪರಿಷತ್ತಿನ ಅಳತೆ ವಾರ್ಡಿನಲ್ಲಿ ನಿಜಕ್ಕೂ ನಡೆಯುತ್ತಿದೆಯೇ, ಪಕ್ಕದಲ್ಲಿ ನಿಂತು ಕೈಹಿಡಿದು ಕಲಿಸುವವರು ಇದ್ದರೇ, ನೈಟ್ ಡ್ಯೂಟಿ ಮುಗಿಸಿದವಳನ್ನು ಬೆಳಿಗ್ಗೆ ಮತ್ತೆ ತರಗತಿಗೆ ಕೂರಿಸಿದರೇ ಎಂಬುದನ್ನು ಆ ಪ್ರಶ್ನಾವಳಿ ಕೇಳುವುದೇ ಇಲ್ಲ. ನಿದ್ದೆಗೆಟ್ಟ ಹುಡುಗಿಗೆ ನಿನ್ನ ಮೇಲೆ ನೀನೇ ಕರುಣೆ ತೋರು ಎನ್ನುವುದು, ಕಾಲೇಜು ತೋರಬೇಕಾದ ಕರುಣೆಯನ್ನೂ ಆಕೆಯ ತಲೆಗೇ ಹೊರಿಸಿದಂತೆ.

ಮಾತಿನ ವಿಷಯದಲ್ಲಿ ಬೇಕಾದ ಎಚ್ಚರವನ್ನು ವಿಜಯಪುರಕ್ಕೆ ಕಲಿಸಿದವರು ಇದೇ ಊರಿನಲ್ಲಿ ಇದ್ದರು. 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟುವುದರಲ್ಲಿ ಮುಂದೆ ನಿಂತ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿದರು, ವರ್ಷಗಟ್ಟಲೆ ಅವುಗಳ ಮುಂದೆ ಕೂತರು. 'ವಚನಶಾಸ್ತ್ರಸಾರ' ಅಚ್ಚಾದದ್ದು 1923ರಲ್ಲಿ. ಜನರ ಬಾಯಿಯ ಮಾತನ್ನು ಅಚ್ಚಿಗೆ ಒಪ್ಪಿಸುವ ಮೊದಲು ಇಷ್ಟು ತಾಳ್ಮೆ ಬೇಕು ಎಂದು ತೋರಿಸಿದ ಊರು ಇದು. ಒಳ್ಳೆಯ ಕನ್ನಡ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ಇಲ್ಲಿನ ಕಾಲೇಜುಗಳು ಸೇರಿ ಕೈಗೆತ್ತಿಕೊಂಡರೆ ಅದು ಇಡೀ ಉತ್ತರ ಕರ್ನಾಟಕಕ್ಕೆ ಉಪಯೋಗವಾಗುತ್ತದೆ. ನಾನು ಅಳತೆಯ ವಿರೋಧಿಯಲ್ಲ. ನರ್ಸಿಂಗ್ ಮಕ್ಕಳ ಮನಸ್ಸಿನ ಕಡೆ ಇಷ್ಟು ದಿನ ಯಾರೂ ನೋಡಿರಲಿಲ್ಲ, ಈಗಲಾದರೂ ನೋಡುತ್ತಿದ್ದಾರೆ ಎಂಬುದು ನನಗೆ ನಿಜವಾದ ಸಂತೋಷ.

ಆದ್ದರಿಂದ ಪ್ರಾಂಶುಪಾಲರಲ್ಲಿ, ನೈತಿಕ ಸಮಿತಿಗಳಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಒಂದು ವಿನಂತಿ. ಸಮಾಲೋಚಕರ ನೇಮಕಾತಿ ಆದೇಶ ಮೇಜಿನ ಮೇಲೆ ಬರುವವರೆಗೆ ಯಾವ ಮನಸ್ಸಿನ ಪ್ರಶ್ನಾವಳಿಗೂ ಅನುಮತಿ ಕೊಡಬೇಡಿ. ಅನುವಾದವನ್ನು ಯಾರ ಮುಂದಿಟ್ಟು ಓದಿಸಿದಿರಿ, ಅವರು ಏನು ಅರ್ಥ ಮಾಡಿಕೊಂಡರು ಎಂಬ ದಾಖಲೆ ಕೇಳಿ. ಹಾಳೆ ಹಂಚುವವರು ಆ ಮಕ್ಕಳಿಗೆ ಅಂಕ ಹಾಕುವವರಾಗಿರಬಾರದು. ಹಾಸ್ಟೆಲ್ ಮಕ್ಕಳ ತಂದೆತಾಯಿಗಳಿಗೂ ಒಂದು ಮಾತು: ಭಾನುವಾರ ಮಗಳು ಫೋನ್ ಮಾಡಿದಾಗ ಪರೀಕ್ಷೆ ಯಾವಾಗ ಎಂದು ಕೇಳುವ ಮೊದಲು ವಾರ್ಡಿನಲ್ಲಿ ಯಾರಾದರೂ ಬೈದರೇನು ಎಂದು ಕೇಳಿ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ, ಯಾವ ಫಾರ್ಮೂ ತುಂಬದೆ ಈಗಲೇ ಮಾತಾಡಬೇಕೆನಿಸಿದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು.