ಸೋಲಾರ್ ಇದ್ದೂ ಕತ್ತಲೆ: ಮೊದಲೇ ಏಕೆ ಹೇಳುವುದಿಲ್ಲ?



ಚಾವಣಿ ಸೋಲಾರ್ ಕುರಿತು ಪತ್ರಿಕೆಯಲ್ಲಿ, ಬ್ಯಾಂಕಿನ ಗೋಡೆಯ ಮೇಲೆ, ಆಟೊಗಳ ಬೆನ್ನಿಗೆ ಕಾಣುವ ಜಾಹೀರಾತುಗಳು ಹೇಳುವುದು ಒಂದೇ ಮಾತು: ಬಿಲ್ ಸೊನ್ನೆ. 2024ರ ಫೆಬ್ರುವರಿಯಲ್ಲಿ ಚಾವಣಿ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಈ ಮಾತಿನ ಅಬ್ಬರ ಇನ್ನೂ ಹೆಚ್ಚಿದೆ. ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಮನೆಗಳ ಮಟ್ಟಿಗೆ ಇದು ಅರ್ಧ ಮಾತು. ಉಳಿದರ್ಧವನ್ನು ಗಿರಾಕಿ ದುಡ್ಡು ಕಟ್ಟುವ ಮೊದಲೇ ತಿಳಿಸಬೇಕಾದವರು ಯೋಜನೆ ನಡೆಸುವವರು. ಅವರು ತಿಳಿಸುತ್ತಿಲ್ಲ ಎಂಬುದೇ ನನ್ನ ತಕರಾರು.

ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಕೂರಿಸುವುದು ಬ್ಯಾಟರಿಯಿಲ್ಲದೆ ನೇರ ಲೈನಿಗೆ ಜೋಡಿಸುವ ಆನ್‌ಗ್ರಿಡ್ ಇನ್ವರ್ಟರ್. ಕಂಬದ ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಮಟಮಟ ಮಧ್ಯಾಹ್ನ ಮೂರು ಕಿಲೋವ್ಯಾಟ್ ಪ್ಯಾನೆಲ್ ಮಾಳಿಗೆಯ ಮೇಲೆ ಬಿಸಿಲು ಕಾಯುತ್ತಿದ್ದರೂ ಕೆಳಗೆ ಒಂದು ಫ್ಯಾನ್ ತಿರುಗುವುದಿಲ್ಲ. ಇದು ಯಂತ್ರದ ದೋಷವಲ್ಲ. ಲೈನ್ ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹಿಂದಿನಿಂದ ಹರಿದು ಹೊಡೆಯಬಾರದೆಂದು ಬೇಕಂತಲೇ ಹಾಗೆ ಮಾಡಿರುತ್ತಾರೆ. ನಿಯಮ ನೂರಕ್ಕೆ ನೂರು ಸರಿ. ಅದನ್ನು ಹೇಳದೆ ಮಾರುವುದು ಮಾತ್ರ ಸರಿಯಲ್ಲ.

ನಾನು ವೈರಿಂಗ್ ಕೆಲಸದವನು. ಸೋಲಾರ್ ಹಾಕಿಸಿದ ಮನೆಯವರು ಮೊದಲ ಗಾಳಿಮಳೆಗೇ ಫೋನ್ ಮಾಡುತ್ತಾರೆ: ಇಷ್ಟು ರೊಕ್ಕಾ ಸುರಿದೀವಿ, ಕರೆಂಟ್ ಹೋದ್ರ ಮನಿ ಯಾಕ ಕತ್ತಲಾಗತೈತಿ? ಕೂರಿಸಿ ಹೋದವರ ಫೋನ್ ಆ ಹೊತ್ತಿಗೆ ಹತ್ತುವುದಿಲ್ಲ, ಉತ್ತರ ಹೇಳುವ ಪಾಳಿ ನಮ್ಮಂಥವರದು.

ಬಿಲ್ಲಿನ ಮಾತಿಗೇ ಬರೋಣ. 2023ರ ಜುಲೈನಿಂದ ರಾಜ್ಯದಲ್ಲಿ ಗೃಹಜ್ಯೋತಿ ಇದೆ. 200 ಯುನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಲೆಕ್ಕದ ಮೇಲೆ, ಬಿಲ್ ಸರ್ಕಾರವೇ ಕಟ್ಟುತ್ತದೆ. ನಾಲ್ಕು ದೀಪ, ಎರಡು ಫ್ಯಾನ್, ಒಂದು ಟಿವಿ ಇರುವ ಮನೆ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಆಗಲೇ ಸೊನ್ನೆ ಇರುವ ಬಿಲ್ಲನ್ನು ಮತ್ತೊಮ್ಮೆ ಸೊನ್ನೆ ಮಾಡುತ್ತೇವೆಂದು ಹೇಳಿ ಮೂರು ಕಿಲೋವ್ಯಾಟ್ ಮಾರುವುದಕ್ಕೆ ಏನನ್ನಬೇಕು? 78,000 ರೂಪಾಯಿ ಸಬ್ಸಿಡಿ ಕಳೆದ ಮೇಲೂ ಕೈಯಿಂದ ಹೋಗುವುದು ಸಣ್ಣ ಮೊತ್ತವಲ್ಲ, ಬಹಳ ಜನಕ್ಕೆ ಅದೂ ಬ್ಯಾಂಕಿನ ಸಾಲ. ಗೃಹಜ್ಯೋತಿಗೆ ಸೇರದ ಮನೆಯಲ್ಲೂ ಸೊನ್ನೆ ಪೂರ್ತಿ ಸೊನ್ನೆಯಲ್ಲ, ತಿಂಗಳ ನಿಗದಿತ ಶುಲ್ಕ ಉಳಿದೇ ಉಳಿಯುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಸಿ ಹಾಕಿಕೊಂಡು ತಿಂಗಳಿಗೆ 400 ಯುನಿಟ್ ಸುಡುವವರಿಗೆ ಆನ್‌ಗ್ರಿಡ್ ಒಳ್ಳೆಯ ವ್ಯಾಪಾರ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕಡೆ ಜನ ಸೋಲಾರ್ ಕೇಳುವುದು ಬಿಲ್ಲಿಗೆ ಹೆದರಿ ಅಲ್ಲ, ಕರೆಂಟ್ ಹೋಗುತ್ತದೆಂದು.

ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸ್ಥಾವರ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕ, ಎರಡೂ ಹಳೆಯ ಬಾಗೇವಾಡಿ ತಾಲ್ಲೂಕಿನವೇ. ಕೂಡಗಿ ಸ್ಥಾವರವನ್ನು ವಿರೋಧಿಸಿ 2014ರಲ್ಲಿ ರೈತರು ಪೊಲೀಸರ ಗುಂಡೇಟನ್ನೂ ತಿಂದರು. ಇಲ್ಲಿಯ ಮಂದಿಗೆ ದೀಪದ ಕೆಳಗಿನ ಕತ್ತಲೆ ಹೊಸದಲ್ಲ ಬಿಡಿ.

ಸೋಲಾರ್ ಕೂಡ ಕರ್ನಾಟಕಕ್ಕೆ ಹೊಸದಲ್ಲ. ಹರೀಶ್ ಹಂದೆಯವರ ಸೆಲ್ಕೊ ಸಂಸ್ಥೆ 1995ರಲ್ಲಿ ಶುರುವಾಯಿತು. 2003ರ ಹೊತ್ತಿಗೆ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಮನೆ ದೀಪಕ್ಕೆ ಸಾಲ ಕೊಡತೊಡಗಿದವು. ಆಗ ಕೊಟ್ಟದ್ದು ಚಿಕ್ಕ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ. ಕರೆಂಟ್ ಇಲ್ಲದಾಗ ಉರಿಯುವುದೇ ಅವುಗಳ ಕೆಲಸವಾಗಿತ್ತು. ಇಪ್ಪತ್ತು ವರ್ಷ ಕಳೆದು ಪ್ಯಾನೆಲ್ ಹತ್ತಾರು ಪಟ್ಟು ದೊಡ್ಡದಾಗಿದೆ, ಕತ್ತಲೆಯಲ್ಲಿ ಮಾತ್ರ ಉಪಯೋಗಕ್ಕೆ ಬಾರದಂತಾಗಿದೆ.

ಹಾಗಾದರೆ ಏನು ಮಾಡಬೇಕೆಂದು ಕೇಳುವವರಿಗೆ ನನ್ನ ಅನುಭವದ ಮಾತು. ಬಹಳ ಮನೆಗಳಲ್ಲಿ ಇನ್ವರ್ಟರ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಆಗಲೇ ಇರುತ್ತವೆ. 12 ವೋಲ್ಟಿನ ಆ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇದ್ದರೂ ಅರ್ಧ ಬಳಸಿದರಷ್ಟೇ ಅದು ಬಹುಕಾಲ ಬಾಳುತ್ತದೆ. ನಾಲ್ಕು ಎಲ್‌ಇಡಿ, ಎರಡು ಬಿಎಲ್‌ಡಿಸಿ ಫ್ಯಾನ್, ಒಂದು ಟಿವಿ ಸೇರಿ 150 ವ್ಯಾಟ್ ಆದರೆ ಐದು ತಾಸಿಗೆ 750 ವ್ಯಾಟ್ ಅವರ್. ಅಲ್ಲಿಗೆ ಲೆಕ್ಕ ಸರಿಹೋಯಿತು. ಇದಕ್ಕೆ ಬೇಕಾದ್ದು 335 ವ್ಯಾಟಿನ ಒಂದು ಪ್ಯಾನೆಲ್ ಮತ್ತು ಒಂದು ಚಾರ್ಜ್ ಕಂಟ್ರೋಲರ್. ಲೈನಿಗೆ ಕರೆಂಟ್ ಕೊಡದ ವ್ಯವಸ್ಥೆಯಾದ್ದರಿಂದ ನೆಟ್ ಮೀಟರ್ ಬೇಡ, ಅರ್ಜಿಯ ಓಡಾಟವೂ ಇಲ್ಲ.

ಕಂಟ್ರೋಲರ್ ಕೊಳ್ಳುವಾಗ ಮಾತ್ರ ಪಿಡಬ್ಲ್ಯುಎಂ ಎಂಬ ಅಗ್ಗದ ಬಗೆಯನ್ನು ನೋಡಿ ಮೋಸಹೋಗಬೇಡಿ. ಈ ಅಳತೆಯ ಪ್ಯಾನೆಲ್ ಕೆಲಸ ಮಾಡುವುದು 38 ವೋಲ್ಟಿನ ಆಸುಪಾಸಿನಲ್ಲಿ, ಅಗ್ಗದ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದುಬಿಡುತ್ತದೆ. ಮೂರರಲ್ಲಿ ಎರಡು ಪಾಲು ಬಿಸಿಲು ವ್ಯರ್ಥ. ಪ್ಯಾನೆಲ್ಲಿನ ಪೂರ್ತಿ ವೋಲ್ಟೇಜನ್ನು ಬಳಸಿಕೊಳ್ಳುವ ಎಂಪಿಪಿಟಿ ಕಂಟ್ರೋಲರನ್ನೇ ಕೇಳಿ, ಚಾರ್ಜ್ 20 ಆಂಪಿಯರ್ ದಾಟದಂತೆ ಇಡಿ. ಪ್ಯಾನೆಲ್ ಕಡೆಯ ವೈರಿಗೆ ಮನೆಯಲ್ಲಿ ಬಳಸುವ ಎಸಿ ಎಂಸಿಬಿ ಹಾಕಕೂಡದು. ಡಿಸಿಯ ಕಿಡಿ ತಾನಾಗಿ ಆರುವುದಿಲ್ಲ, ಡಿಸಿ ಎಂಸಿಬಿಯೇ ಬೇಕು. ಇನ್ನು ಅರ್ಥಿಂಗ್. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಗುಂಡಿ ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಮುಂಗಾರು ಮುಂಚಿನ ಸಿಡಿಲು ಬರುವುದು ಆ ದಿನಗಳಲ್ಲೇ. ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ.

ಪ್ಯಾನೆಲ್ ತೆಂಕಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿರಲಿ. ಬಿಸಿಲು ಹೆಚ್ಚಾದಷ್ಟೂ ಕರೆಂಟ್ ಹೆಚ್ಚೆಂಬ ನಂಬಿಕೆ ಬೇಡ. ಪ್ಯಾನೆಲ್ ಮೇಲೆ ಬರೆದ ಸಾಮರ್ಥ್ಯ 25 ಡಿಗ್ರಿಯದು, ಏಪ್ರಿಲ್‌ನಲ್ಲಿ ಅದರ ಮೈ 65 ಡಿಗ್ರಿಗೆ ಕಾದರೆ 100ಕ್ಕೆ 14ರಷ್ಟು ಕಡಿಮೆಯಾಗುತ್ತದೆ. ತೊಳೆಯುವುದಿದ್ದರೆ ನಸುಕಿನಲ್ಲಿ, ಅದೂ ಸವುಳು ಬೋರ್ ನೀರು ಬಿಟ್ಟು. ಬಿಳಿ ಕಲೆ ಗಾಜಿಗೆ ಕೂತರೆ ಧೂಳಿಗಿಂತ ಕಾಟ. ಮೇಲ್ಮುದ್ದೆ ಮನೆಯವರು ಮಣ್ಣಿನ ಮಾಳಿಗೆಯ ಮೇಲೆ ಕಾಂಕ್ರೀಟ್ ದಿಮ್ಮಿ ಹೇರುವ ಬದಲು ಹಿತ್ತಲಲ್ಲಿ ಕಬ್ಬಿಣದ ಕಂಬ ನೆಟ್ಟು ಕೂರಿಸುವುದು ವಾಸಿ.

ಇಷ್ಟನ್ನು ವೈರಿಂಗ್ ಬಲ್ಲ ಯಾವ ಐಟಿಐ ಹುಡುಗನಾದರೂ ಮಾಡಬಲ್ಲ. ಸಬ್ಸಿಡಿಯೇ ಬೇಕೆನ್ನುವವರು ಲೈನಿಗೂ ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಆರು ಪ್ಯಾನೆಲ್ ಸಾಲಾಗಿ ಜೋಡಿಸಿದಾಗ 200 ವೋಲ್ಟ್ ಮೀರಿದ ಡಿಸಿ ಇರುವುದರಿಂದ ಅದು ಕೈಯಾಡಿಸುವ ಕೆಲಸವಲ್ಲ, ಪರವಾನಗಿ ಇದ್ದವರೇ ಮಾಡಲಿ. ಬ್ಯಾಟರಿಗೆ ಸಬ್ಸಿಡಿ ಸಿಗುವುದಿಲ್ಲ. ಏಕೆ ಸಿಗಬಾರದು? ಸಂಜೆ ಎಲ್ಲರೂ ದೀಪ ಹಚ್ಚುವ ಹೊತ್ತಿಗೆ ಲೈನಿನ ಹೊರೆ ಇಳಿಸುವುದು ಮಧ್ಯಾಹ್ನದ ಪ್ಯಾನೆಲ್ ಅಲ್ಲ, ಬ್ಯಾಟರಿ.

ಇನ್ನೊಂದು ಸಂಗತಿಯನ್ನೂ ಯಾರೂ ಎತ್ತುವುದಿಲ್ಲ. ಹೊಸ ಇನ್ವರ್ಟರ್‌ಗಳು ಮನೆಯ ಲೆಕ್ಕವನ್ನೆಲ್ಲ ಕಂಪನಿಯ ಸರ್ವರ್‌ಗೆ ಕಳಿಸುತ್ತವೆ. ನಾಳೆ ಕಂಪನಿ ಕದ ಹಾಕಿದರೆ ಮೊಬೈಲಿನ ಆ್ಯಪ್ ಖಾಲಿ. 2024ರ ನವೆಂಬರ್‌ನಲ್ಲಿ ಅಮೆರಿಕದ ಕೆಲವರ ಮನೆಯ ಇನ್ವರ್ಟರ್‌ಗಳು ಕಂಪನಿಗಳ ಜಗಳದಲ್ಲಿ ದೂರದಿಂದಲೇ ಬಂದ್ ಆದವೆಂದು ವರದಿಯಾಗಿತ್ತು. ಆರ್‌ಎಸ್‌485 ಎಂಬ, ಕೇಬಲ್ಲಿನಿಂದ ಲೆಕ್ಕ ಓದಿಕೊಳ್ಳುವ ಪೋರ್ಟ್ ಇರುವ ಇನ್ವರ್ಟರ್ ಕೊಂಡರೆ ಒಂದು ಕೇಬಲ್, ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಸಾಕು. ಅದಕ್ಕೆ ಲಿನಕ್ಸ್ ಹಾಕಿ, ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಕೂರಿಸಿ, ದಿನದ ಯುನಿಟ್ ಎಷ್ಟು, ಬ್ಯಾಟರಿ ಎಷ್ಟಿಳಿಯಿತು ಎಂಬುದನ್ನು ಮನೆಯಲ್ಲೇ ಬರೆದಿಡಬಹುದು. ಇಂಟರ್‌ನೆಟ್ ಇರಲಿ ಬಿಡಲಿ, ಅದು ನಡೆಯುತ್ತದೆ. ಲ್ಯಾಪ್‌ಟಾಪ್ ಬದಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸಿದರೆ ಐದಾರು ವ್ಯಾಟ್ ಸಾಕು. ನಮ್ಮ ಕಾಲೇಜುಗಳ ಹುಡುಗರು ಪ್ರಾಜೆಕ್ಟ್ ಎಂದು ಬೆಂಗಳೂರಿನಿಂದ ರೆಡಿಮೇಡ್ ತರಿಸುವ ಬದಲು ಇದನ್ನು ಮಾಡಬಾರದೇ?

ಯೋಜನೆ ನಡೆಸುವವರಲ್ಲಿ ನಾನು ಕೇಳುವುದಕ್ಕೆ ಹೆಚ್ಚು ಖರ್ಚಿಲ್ಲ. ಮಾರಾಟಗಾರರು ಕೊಡುವ ಕೊಟೇಶನ್ನಿನಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಒಂದು ಸಾಲು ಕಡ್ಡಾಯವಾಗಲಿ: ಕರೆಂಟ್ ಹೋದಾಗ ಇದು ಕೆಲಸ ಮಾಡುತ್ತದೆ, ಅಥವಾ ಮಾಡುವುದಿಲ್ಲ. ಆನ್‌ಗ್ರಿಡ್ ದರದ ಪಕ್ಕದಲ್ಲೇ ಹೈಬ್ರಿಡ್ ದರವನ್ನೂ ಬರೆಯಲಿ. ಕೆಲಸ ಮುಗಿದ ದಿನ ಮನೆಯವರನ್ನು ಎದುರಿಗೆ ನಿಲ್ಲಿಸಿಕೊಂಡು ಮೇನ್ ಸ್ವಿಚ್ ಇಳಿಸಿ, ಯಾವುದು ಉರಿಯುತ್ತದೆ, ಯಾವುದು ಆರುತ್ತದೆ ಎಂದು ತೋರಿಸಿದ ಮೇಲೆಯೇ ಅವರ ಸಹಿ ಪಡೆಯಲಿ.

ಇಂತಿ,
ನಿಮ್ಮ ಓದುಗ, ಒಬ್ಬ ಎಲೆಕ್ಟ್ರಿಷಿಯನ್
ಬಸವನ ಬಾಗೇವಾಡಿ, ವಿಜಯಪುರ ಜಿಲ್ಲೆ