ಪೆಟ್ಟಿಗೆ ಅಟ್ಟಕ್ಕೆ ಹೋಗೋದು ಬೇಡ

ನಮ್ಮ ಮನೇಲಿ ಈಗ ಒಂದು ಪಂಚಾಯ್ತಿ ನಡೀತಿದೆ. ಮೈದುನನ ಮಗಳು ಬರೋ ಜೂನ್‌ಗೆ ಎಸ್ಸೆಸ್ಸೆಲ್ಸಿ. ಅವಳ ಲೆಗೋ ಪೆಟ್ಟಿಗೇನ ಅಟ್ಟಕ್ಕೆ ಹಾಕ್ಬೇಕು ಅಂತ ನನ್ನ ಓರಗಿತ್ತಿ, ಬೇಡ ಅಂತ ನಾನು. ಅತ್ತೆಯವರು ಯಾರ ಕಡೆಗೂ ಇಲ್ಲ, ಕಾಲಿಗೆ ಚುಚ್ಚದೆ ಇದ್ರೆ ಸಾಕು ಅಂತಾರೆ. ಓರಗಿತ್ತಿ ಇದನ್ನ ಓದ್ತಾಳೆ ಅಂತ ಗೊತ್ತಿದ್ದೇ ಬರೀತಿದ್ದೀನಿ. ಎದುರಿಗೆ ಹೇಳೋಣ ಅಂದ್ರೆ ಕುಕ್ಕರ್ ಕೂಗತ್ತೆ, ಮಾತು ಅರ್ಧಕ್ಕೇ ನಿಲ್ಲತ್ತೆ.

ನವರಾತ್ರೀಲಿ ಗೊಂಬೆ ನೋಡೋಕೆ ಬಂದೋರು ಆ ಕಾರನ್ನ ಪಾರ್ಕಿನ ಪಕ್ಕ ನೋಡಿದ್ದೀರಿ. ಗೇಣುದ್ದ ಇದೆ. ಹೊರಗಡೆ ಏನೂ ವಿಶೇಷ ಇಲ್ಲ, ಬಣ್ಣನೂ ಒಂದಕ್ಕೊಂದು ಹೊಂದಲ್ಲ. ವಿಷಯ ಇರೋದು ಅದರ ಹೊಟ್ಟೇಲಿ. ಅಷ್ಟರೊಳಗೆ ನಾಲ್ಕು ಗಿಯರಿನ ಪೆಟ್ಟಿಗೆ ಕೂರಿಸಿದ್ದಾಳೆ ಹುಡುಗಿ.

ಅದರಲ್ಲೇನು ಕಷ್ಟ ಅಂತ ನಾನೂ ಕೇಳಿದ್ದೆ. ಅವಳೇ ಕೂರಿಸಿಕೊಂಡು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಈ ಇಟ್ಟಿಗೆಗಳಲ್ಲಿ ತೂತಿಂದ ತೂತಿಗೆ 8 ಮಿಲಿಮೀಟರ್. ಕಡ್ಡಿ ತೂರಿಸೋದು ಆ ತೂತಲ್ಲೇ, ಒಂದು ಕೂದಲು ಆಚೆ ಈಚೆ ಸರಿಸೋ ಹಾಗಿಲ್ಲ. ಎರಡು ಕಡ್ಡಿಗೆ ಎರಡು ತೂತಿನ ದೂರ ಇಟ್ರೆ, ಅಂದ್ರೆ 16 ಮಿಲಿಮೀಟರ್, ಅವುಗಳ ಮೇಲಿನ ಎರಡು ಚಕ್ರದ ಹಲ್ಲು ಕೂಡಿದ್ರೆ 32 ಬರ್ಬೇಕು. 16ಕ್ಕೆ 16 ಸರಿ, 8ಕ್ಕೆ 24 ಸರಿ, 12ಕ್ಕೆ 20 ಸರಿ. ಬೇರೆ ಏನಿಟ್ರೂ ಹಲ್ಲು ಕಚ್ಚಲ್ಲ, ಇಲ್ಲಾ ಒಂದರ ಮೇಲೊಂದು ಏರತ್ತೆ. 8 ಹಲ್ಲಿನದು 24ರದನ್ನ ತಿರುಗಿಸಿದ್ರೆ ವೇಗ ಮೂರನೇ ಒಂದು ಪಾಲಾಗತ್ತೆ, ಬಲ ಹೆಚ್ಚುಕಮ್ಮಿ ಮೂರರಷ್ಟಾಗತ್ತೆ. ಚಾಮುಂಡಿ ಬೆಟ್ಟ ಹತ್ತೋವಾಗ ಡ್ರೈವರ್ ಕೆಳಗಿನ ಗಿಯರಿಗೆ ಹಾಕೋದು ಇದಕ್ಕೇ.

ನಾಲ್ಕು ಗಿಯರಿಗೆ ನಾಲ್ಕು ಜೋಡಿ ಚಕ್ರಾನ ಒಂದೇ ಸಾಲಲ್ಲಿ ಇಟ್ರಾಯ್ತಲ್ಲ ಅಂದೆ. ಇಡಬಹುದು, ಆದ್ರೆ ಕಾರು ರೈಲಾಗತ್ತೆ. ಮೇಲಾಗಿ ಎರಡು ಜೋಡಿ ಒಟ್ಟಿಗೆ ಕೆಲಸಕ್ಕೆ ಬಂದ್ರೆ ಒಂದು ನಿಧಾನ ತಿರುಗು ಅನ್ನತ್ತೆ, ಇನ್ನೊಂದು ಬೇಗ ಅನ್ನತ್ತೆ, ಇಡೀ ಪೆಟ್ಟಿಗೆ ಸೆಟೆದು ನಿಲ್ಲತ್ತೆ. ಅವಳು ಮಾಡಿದ್ದು ಬೇರೆ. ಎರಡೆರಡು ಗಿಯರಿನ ಎರಡು ಪುಟ್ಟ ಪೆಟ್ಟಿಗೆ, ಒಂದರ ಬಾಲಕ್ಕೆ ಇನ್ನೊಂದು. ನಾವು ಎರಡು ಥರ ಸಾರು, ಎರಡು ಥರ ಪಲ್ಯ ಇಟ್ಕೊಂಡು ನಾಲ್ಕು ದಿನದ ಅಡುಗೆ ತೂಗಿಸಲ್ವಾ, ಹಾಗೆ. ಯಾವುದರ ಜೊತೆ ಯಾವುದನ್ನ ಸೇರಿಸಿದ್ರೂ ಜಗಳ ಇಲ್ಲ. ಎರಡನೇದನ್ನ ಮಡಿಸಿ ಮೊದಲನೇದರ ಮೇಲೆ ಕೂರಿಸಬಹುದು, ಉದ್ದ ಉಳಿಯತ್ತೆ. ಮೂರನೇ ಪೆಟ್ಟಿಗೆ ಸೇರಿಸಿದ್ರೆ ಎಂಟು ಗಿಯರ್, ಅದೂ ಆರೇ ಜೋಡೀಲಿ.

ಮೊದಲ ಸಲ ಕಟ್ಟಿದಾಗ ನಾಲ್ಕು ಗಿಯರಲ್ಲಿ ಎರಡು ಒಂದೇ ಥರ ಓಡ್ತಿತ್ತು. ನನ್ನ ಕನ್ನಡೀಲಿ ಅಂಟಿಸಿದ್ದ ಕುಂಕುಮದ ಸ್ಟಿಕ್ಕರ್ ಕಿತ್ಕೊಂಡು ಹೋಗಿ ಚಕ್ರಕ್ಕೆ ಅಂಟಿಸಿ ಸುತ್ತು ಎಣಿಸಿದಳು. ಎರಡೂ ಪೆಟ್ಟಿಗೇಲಿ 16-16, 12-20 ಇಟ್ಟಿದ್ದಳು. ಮೊದಲನೇದು ನಿಧಾನ ಎರಡನೇದು ಜೋರು, ಮೊದಲನೇದು ಜೋರು ಎರಡನೇದು ನಿಧಾನ, ಎರಡರ ಲೆಕ್ಕನೂ ಅಷ್ಟೇ ತಾನೇ? ಎರಡನೇದಕ್ಕೆ 12-20 ತೆಗೆದು 8-24 ಹಾಕಿದಳು. ಈಗ ಕಾರಿನ ಚಕ್ರ ಒಂದು ಸುತ್ತಬೇಕಾದ್ರೆ ಈ ಕಡೆ ಕಡ್ಡಿ ಒಂದು ಗಿಯರಲ್ಲಿ 1 ಸುತ್ತು, ಇನ್ನೊಂದರಲ್ಲಿ ಒಂದೂ ಮುಕ್ಕಾಲಿಗೆ ಸ್ವಲ್ಪ ಕಮ್ಮಿ, ಆಮೇಲೆ 3, ಆಮೇಲೆ 5. ಇದನ್ನ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ, ಟ್ಯೂಷನ್ನಿಗೂ ದುಡ್ಡು ಕಟ್ಟಲಿಲ್ಲ.

ದೊಡ್ಡ ಸೆಟ್ ಕೊಡಿಸಿಬಿಡಿ ಅಂತ ಕೆಲವರು ಹೇಳಿದ್ರು. ನನಗದೂ ಒಪ್ಪಿಗೆ ಇಲ್ಲ. ಈ ಡೆನ್ಮಾರ್ಕ್ ಕಂಪನಿಯೋರು 1977ರಿಂದಲೇ ಚಕ್ರ, ಕಡ್ಡಿ ಇರೋ ಸೆಟ್ ಮಾಡ್ತಿದ್ದಾರೆ. 1994ರ ಸೂಪರ್ ಕಾರಲ್ಲಿ ನಾಲ್ಕು ಗಿಯರ್ ಇತ್ತು, 2018ರ ಬುಗಾಟಿ ಶಿರಾನಲ್ಲಿ ಎಂಟು ಗಿಯರ್, 3,599 ತುಂಡು. ಪುಸ್ತಕ ನೋಡ್ಕೊಂಡು ಜೋಡಿಸ್ತಾ ಹೋದ್ರೆ ಎಂಥೋರಿಗೂ ಬರತ್ತೆ. ಜಾಗ ಇಲ್ಲದಾಗಲೇ ತಲೆ ಓಡೋದು. ನಮಗೇನು ಹೊಸದಾ ಇದು? ದೇವರಾಜ ಮೊಹಲ್ಲಾದ ವಠಾರದ ಮನೆಗಳಲ್ಲಿ ಅಡುಗೆಮನೆ ಎಷ್ಟಿರತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಒಗ್ಗರಣೆ ಡಬ್ಬಿ ತೆಗೆದು ನೋಡಿ. ಒಂದೇ ಅಳತೆಯ ಬಟ್ಟಲು, ನಡುವೆ ಒಂದು, ಸುತ್ತ ಆರು, ಅಲ್ಲಾಡದ ಹಾಗೆ ಕೂತಿರತ್ತೆ. ಏಳನೇದನ್ನ ಸುತ್ತ ತುರುಕೋಕೆ ಆಗಲ್ಲ, ಐದಿಟ್ರೆ ಜಾಗ ದಂಡ. ಅದನ್ನ ಯೋಚನೆ ಮಾಡಿದೋರ ತಲೆಯೂ ಇದೇ ಥರ ಓಡಿರ್ಬೇಕು.

ಗಂಡಸರ ಕೆಲಸ, ಮೆಕ್ಯಾನಿಕ್ ಕೆಲಸ ಅನ್ನೋರಿಗೆ ಒಂದು ಮಾತು. ನಮ್ಮೂರಲ್ಲೇ ಯಾದವಗಿರೀಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ನಮ್ಮ ಮಾವನವರ ಹತ್ರ ಯೆಜ್ದಿ ಇತ್ತು. ಅದಕ್ಕೆ ಕಿಕ್ಕರ್ ಬೇರೆ, ಗಿಯರ್ ಬೇರೆ ಇರಲಿಲ್ಲ, ಒಂದೇ ಕಡ್ಡಿ. ಒತ್ತಿ ಮೇಲಕ್ಕೆ ತಿರುಗಿಸಿ ಒದ್ರೆ ಕಿಕ್ಕರ್, ಮುಂದಕ್ಕೆ ಬಿಟ್ರೆ ಗಿಯರ್. ಮಾವನವರು ಅದನ್ನ ಹೊಗಳಿದ್ದೇ ಹೊಗಳಿದ್ದು, ಹಿಂದೆ ಕೂತ ಅತ್ತೆಯವರಿಗೆ ಮಾತ್ರ ಸೀರೆಗೆ ಎಣ್ಣೆ ಆಗೋದೇ ಚಿಂತೆ. ಆ ಕಥೆ ಕೇಳಿದ ಮೇಲೆ ಹುಡುಗಿ ತನ್ನ ಕಾರಿನ ಎರಡು ಕಡ್ಡೀನೂ ಒಂದು ಮಾಡೋಕಾಗತ್ತಾ ಅಂತ ಒಂದು ವಾರ ಗುದ್ದಾಡಿದಳು. ಆಗಲಿಲ್ಲ. ಬಿಟ್ಟಿಲ್ಲ ಆದ್ರೂ.

ಇದರಿಂದ ಇಂಜಿನಿಯರ್ ಆಗ್ತಾಳೆ, ಅದಕ್ಕೇ ಬಿಡಿ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದ್ರೆ ನಾಳೆ ಅವಳು ಕಾಮರ್ಸ್ ತಗೊಂಡ್ಲು ಅನ್ನಿ, ಇಷ್ಟು ದಿನ ಆಡಿದ್ದೆಲ್ಲ ದಂಡ ಅಂತೀರಿ. ಸಂಜೆ ಒಂದು ಗಂಟೆ ಒಂದು ಕಷ್ಟದ ವಿಷಯದ ಜೊತೆ ಸಿಟ್ಟು ಮಾಡ್ಕೊಳ್ಳದೆ ಕೂರೋದು ಅವಳಿಗೆ ಬರತ್ತೆ. ಫೋನ್ ಹಿಡಿದ ಮಕ್ಕಳಲ್ಲಿ ಇದು ಎಷ್ಟು ಜನಕ್ಕೆ ಬರತ್ತೆ ಹೇಳಿ. ಇನ್ನೊಂದು, ಕೇಳೋಕೆ ಕಹಿ ಅನ್ಸತ್ತೆ: ದೊಡ್ಡೋನು ಎಸ್ಸೆಸ್ಸೆಲ್ಸೀಲಿ ಇದ್ದಾಗ ಅವನ ಕ್ರಿಕೆಟ್ ಬ್ಯಾಟನ್ನ ಯಾರೂ ಅಟ್ಟಕ್ಕೆ ಹಾಕಲಿಲ್ಲ. ಮೈಂಡ್ ಫ್ರೆಶ್ ಆಗತ್ತೆ ಅಂತಿದ್ರು. ಹುಡುಗಿಗೂ ಮೈಂಡ್ ಇದೆಯಲ್ಲ ಕಣೇ. ಪರೀಕ್ಷೆ ತಿಂಗಳಲ್ಲಿ ಅವಳೇ ಎತ್ತಿಡ್ತೀನಿ ಅಂದಿದ್ದಾಳೆ, ಅಷ್ಟು ಸಾಕು.

ಸದ್ಯಕ್ಕೆ ಪೆಟ್ಟಿಗೆ ನನ್ನ ಮಂಚದ ಕೆಳಗಿದೆ. ಈಗ ರಿವರ್ಸ್ ಗಿಯರ್ ಬೇಕಂತೆ. ಅದಕ್ಕೆ ಎರಡು ಚಕ್ರದ ನಡುವೆ ಮೂರನೇದು ಒಂದು ಬೇಕು, ಆಗಲೇ ತಿರುಗೋ ದಿಕ್ಕು ಉಲ್ಟಾ ಆಗೋದು. ಅದನ್ನ ಹಿಡಿಸೋಕೆ ಕಾರಲ್ಲಿ ಜಾಗ ಉಳಿದಿಲ್ಲ. ಹಿಂದಿನ ಸೀಟು ತೆಗೆದುಬಿಡೇ ಅಂದೆ. ಹಾಗಾದ್ರೆ ನೀವು ಎಲ್ಲಿ ಕೂರ್ತೀರಿ ದೊಡ್ಡಮ್ಮ ಅಂದಳು.